ಮನೆ ಕೊಟ್ಟರೆ ಸಾಕೇ? ನೆರೆಹೊರೆ ಉಳಿಯಬೇಡವೇ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಾಗುವಾಗ ಕಣ್ಣಿಗೆ ರಾಚುವ ಜಾಹೀರಾತು ಫಲಕಗಳನ್ನು ಗಮನಿಸಿ. ಈಗ ಅಲ್ಲಿ ಮನೆಗಿಂತ ಹೆಚ್ಚಾಗಿ ಆರೋಗ್ಯ ಮಾರಾಟಕ್ಕಿದೆ. ಈಜುಕೊಳ, ಯೋಗಮಂಟಪ, ನಡಿಗೆಯ ಹಾದಿ, ಸೌರಶಕ್ತಿಯ ದೀಪ, ಮಳೆನೀರಿನ ಕೊಯ್ಲು. ಹಣ ಕೊಟ್ಟವರಿಗೆ ಸ್ವಸ್ಥ ಬದುಕು, ಜೊತೆಗೆ ಪರಿಸರ ಉಳಿಸಿದ ಪುಣ್ಯ. ಆದರೆ ಆ ಸಮುಚ್ಚಯಗಳಲ್ಲಿ ನೆಲ ಒರೆಸುವ, ಪಾತ್ರೆ ತೊಳೆಯುವ, ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುವ ಜನರು ಮನೆಗೆ ಮರಳುವುದು ಎಲ್ಲಿಗೆ? ಅವರ ಮನೆಗೆ ಬಿಸಿಲು ಬರುತ್ತದೆಯೇ? ಅವರ ಮಕ್ಕಳು ಆಡುವ ಓಣಿಯಲ್ಲಿ ಚರಂಡಿ ಮುಚ್ಚಿದೆಯೇ? ವಸತಿಯ ಆರೋಗ್ಯವನ್ನು ಅಳೆಯುವುದಾದರೆ ನಾವು ಮೊದಲು ಅಳೆಯಬೇಕಾದದ್ದು ಈ ಮನೆಗಳನ್ನು.

ಬಡವರಿಗೆ ಪಕ್ಕಾ ಮನೆ ಕೊಟ್ಟುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮ ಆಡಳಿತದಲ್ಲಿ ಆಳವಾಗಿ ಬೇರೂರಿದೆ. ಮುಂಬೈಯ ಗೋವಂಡಿ, ಮಾನ್‌ಖುರ್ದ್‌ಗಳಲ್ಲಿ ಆದದ್ದನ್ನು ನೋಡಿದರೆ ಈ ನಂಬಿಕೆ ಎಷ್ಟು ಪೊಳ್ಳು ಎಂದು ತಿಳಿಯುತ್ತದೆ. ರಸ್ತೆ, ರೈಲು ಯೋಜನೆಗಳಿಗಾಗಿ ಗುಡಿಸಲುಗಳಿಂದ ಎಬ್ಬಿಸಲ್ಪಟ್ಟ ಸಾವಿರಾರು ಕುಟುಂಬಗಳಿಗೆ ಅಲ್ಲಿ ಕಾಂಕ್ರೀಟಿನ ಬಹುಮಹಡಿ ಮನೆಗಳನ್ನು ಕೊಡಲಾಯಿತು. ನಟವರ್ ಪಾರೇಖ್ ಕಾಂಪೌಂಡಿನಂತಹ ಕಡೆ ಏಳು ಮಹಡಿಯ ಎರಡು ಕಟ್ಟಡಗಳ ನಡುವೆ ಕೇವಲ ಮೂರು ಮೀಟರ್ ಅಂತರ. 2018ರಲ್ಲಿ ಪ್ರಕಟವಾದ ಡಾಕ್ಟರ್ಸ್ ಫಾರ್ ಯು ಸಂಸ್ಥೆಯ ಅಧ್ಯಯನವು ಇಲ್ಲಿನ ಬಿಸಿಲು-ಗಾಳಿ ಕಾಣದ ಕೆಳಮಹಡಿಗಳಲ್ಲಿ ಕ್ಷಯರೋಗ ಹೆಚ್ಚಾಗಿರುವುದನ್ನು ಎತ್ತಿ ತೋರಿಸಿತು. ಹರಕು ಗುಡಿಸಲಿನಲ್ಲಿ ಇದ್ದವರಿಗೆ ಗಟ್ಟಿ ಗೋಡೆ ಸಿಕ್ಕಿತು, ಗೋಡೆಯ ಜೊತೆಗೆ ರೋಗವೂ ಬಂತು. ಸರಕಾರದ ಲೆಕ್ಕಪುಸ್ತಕದಲ್ಲಿ ಮಾತ್ರ ಇವರೆಲ್ಲರೂ 'ಪುನರ್ವಸತಿ ಹೊಂದಿದವರು'.

ಹಾಗಾದರೆ ಬಡವರಿಗೆ ಕೈಗೆಟಕುವ, ಬಾಳಿಕೆ ಬರುವ, ಆರೋಗ್ಯ ಕೆಡಿಸದ ವಸತಿಯನ್ನು ನಮ್ಮ ನಗರಗಳಲ್ಲಿ ಕಟ್ಟಲು ಸಾಧ್ಯವೇ ಇಲ್ಲವೇ? ಈ ಪ್ರಶ್ನೆ ಕೇಳಿದಾಗಲೆಲ್ಲಾ ವಾಸ್ತುಶಿಲ್ಪ ಬಲ್ಲವರು ತೋರಿಸುವ ಉದಾಹರಣೆಯೊಂದಿದೆ. ಮಧ್ಯಪ್ರದೇಶದ ಇಂದೋರ್ ನಗರದ ಹೊರವಲಯದಲ್ಲಿ ಬಾಲಕೃಷ್ಣ ದೋಶಿಯವರು ರೂಪಿಸಿದ 'ಅರಣ್ಯ' ವಸತಿ ಬಡಾವಣೆ. ಅದನ್ನು ಹೊಗಳಿ ಬರೆದದ್ದು ಬೇಕಾದಷ್ಟಿದೆ. ನಾವಿಲ್ಲಿ ಅದರ ಸೊಗಸನ್ನೂ ಅದು ಎಡವಿದ ಜಾಗವನ್ನೂ ಒಟ್ಟಿಗೆ ನೋಡಲು ಬಯಸುತ್ತೇವೆ. ಏಕೆಂದರೆ ಅದು ಎಡವಿದ ಜಾಗದಲ್ಲಿಯೇ ಇಂದು ಇಡೀ ದೇಶ ಎಡವುತ್ತಿದೆ.

ದೋಶಿ ಕನ್ನಡಿಗರಿಗೆ ಅಪರಿಚಿತರಲ್ಲ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಪಡಸಾಲೆಗಳ ಐಐಎಂ ಅವರದೇ ಕಲ್ಪನೆ. 1927ರಲ್ಲಿ ಪುಣೆಯಲ್ಲಿ ಹುಟ್ಟಿ, ಪ್ಯಾರಿಸ್‌ನಲ್ಲಿ ಲೆ ಕಾರ್ಬೂಸಿಯೇ ಅವರ ಬಳಿ ದುಡಿದು, ಅಹ್ಮದಾಬಾದಿನಲ್ಲಿ ನೆಲೆಸಿದ ಇವರು 2018ರಲ್ಲಿ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. 2023ರಲ್ಲಿ ನಿಧನರಾದರು.

1980ರ ದಶಕದ ಆರಂಭದಲ್ಲಿ ಇಂದೋರ್ ಅಭಿವೃದ್ಧಿ ಪ್ರಾಧಿಕಾರ ಅವರಿಗೆ ಈ ಕೆಲಸ ವಹಿಸಿತು. ಸುಮಾರು 85 ಹೆಕ್ಟೇರ್ ನೆಲ, 6,500ರಷ್ಟು ನಿವೇಶನ, ಹೆಚ್ಚಿನ ಪಾಲು ಆರ್ಥಿಕವಾಗಿ ದುರ್ಬಲರಾದವರಿಗೆ. ದೋಶಿಯವರ ವಾಸ್ತುಶಿಲ್ಪ ಪ್ರತಿಷ್ಠಾನದವರು ಮೊದಲು ಮಾಡಿದ ಕೆಲಸವೆಂದರೆ ಇಂದೋರಿನ ಕೊಳೆಗೇರಿಗಳಿಗೆ ಹೋಗಿ ಅಲ್ಲಿನ ಜನ ಹೇಗೆ ಬದುಕುತ್ತಾರೆಂದು ಅಳೆದು ಬರೆದುಕೊಂಡದ್ದು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ತಂಡವೂ ಇದರಲ್ಲಿ ಕೈಜೋಡಿಸಿತು. ಅವರು ಕಂಡದ್ದೇನು? ಬಡವರ ಮನೆ ನಾಲ್ಕು ಗೋಡೆಗೆ ಮುಗಿಯುವುದಿಲ್ಲ. ಬಾಗಿಲ ಮುಂದಿನ ಜಗಲಿಯಲ್ಲಿ ಹೆಂಗಸರು ಅಕ್ಕಿ ಆರಿಸುತ್ತಾರೆ, ಹೊಲಿಗೆ ಹಾಕುತ್ತಾರೆ. ಓಣಿಯ ತಿರುವಿನಲ್ಲಿ ಸಣ್ಣ ಅಂಗಡಿ ಹುಟ್ಟುತ್ತದೆ. ಮರದ ನೆರಳಿನಲ್ಲಿ ಮುದುಕರು ಕೂರುತ್ತಾರೆ. ರಾತ್ರಿ ಸೆಖೆಯಲ್ಲಿ ಮಂಚ ಹೊರಗೆ ಬರುತ್ತದೆ. ಆ ಓಣಿ ದಾರಿಯೂ ಹೌದು, ದುಡಿಮೆಯ ಜಾಗವೂ ಹೌದು, ಚಾವಡಿಯೂ ಹೌದು.

ಇದನ್ನು ಅರಿತ ದೋಶಿ ಬಡವರಿಗೆ ಪೂರ್ತಿ ಮನೆ ಕಟ್ಟಿಕೊಡಲು ಹೋಗಲಿಲ್ಲ. ಅತ್ಯಂತ ಬಡ ಕುಟುಂಬಕ್ಕೆ ಸುಮಾರು 35 ಚದರ ಮೀಟರಿನ ನಿವೇಶನ, ಅದರ ಮೇಲೆ ಕಾಂಕ್ರೀಟಿನ ತಳಪಾಯ, ನೀರು ಮತ್ತು ಶೌಚದ ವ್ಯವಸ್ಥೆ, ಒಂದು ಕೋಣೆ. ಉಳಿದದ್ದನ್ನು ಕುಟುಂಬವೇ ಕೈಯಲ್ಲಿ ಕಾಸು ಸೇರಿದಂತೆ ಕಟ್ಟಿಕೊಳ್ಳಬೇಕು. ಹತ್ತು ಮನೆಗಳ ಗುಂಪು, ಹಿಂದೆ ಅಂಗಳ, ಮುಂದೆ ಓಣಿ. ಇಪ್ಪತ್ತು ಮನೆಗಳಿಗೊಂದು ಸೆಪ್ಟಿಕ್ ಟ್ಯಾಂಕ್. ಆರು ವಿಭಾಗಗಳ ನಡುವೆ ಅಂಗಡಿ ಬೀದಿಯ ಬೆನ್ನೆಲುಬು. ಮುಂಗಡ ಹಣವನ್ನು ಕುಟುಂಬದ ಆದಾಯ ನೋಡಿ ನಿಗದಿಪಡಿಸಲಾಯಿತು, ಉಳಿದದ್ದು ಮಾಸಿಕ ಕಂತು. ಮನೆ ಹೇಗೆ ಬೆಳೆಯಬಹುದೆಂದು ತೋರಿಸಲು 80 ಮಾದರಿ ಮನೆಗಳನ್ನು ಕಟ್ಟಿ ನಿಲ್ಲಿಸಿದರು. ಪ್ರತಿಯೊಂದಕ್ಕೂ ಜಗಲಿ, ಮೆಟ್ಟಿಲು, ಮಹಡಿಯ ಕಟ್ಟೆ. ಗುಜರಾತಿನವರು 'ಒಟ್ಲಾ' ಎನ್ನುವ ಈ ಜಗಲಿ ನಮ್ಮ ಊರುಗಳ ಹಳೆಯ ಮನೆಗಳಲ್ಲಿಯೂ ಇತ್ತಲ್ಲವೇ?

ಆರೋಗ್ಯದ ದೃಷ್ಟಿಯಿಂದ ನೋಡಿದರೆ ಇದು ಅಪರೂಪದ ವಿವೇಕ. ಔಷಧಿ ಅಂಗಡಿಯಲ್ಲಿ ಸಿಗದ ಮೂರು ಸಂಗತಿಗಳು ಇಲ್ಲಿ ನಕಾಶೆಯಲ್ಲಿಯೇ ಸೇರಿಕೊಂಡಿವೆ. ಮನೆಯೊಳಗೆ ಬೆಳಕು-ಗಾಳಿ, ಮನೆಯಿಂದ ಹೊರಹೋಗುವ ಕೊಳೆನೀರಿಗೆ ದಾರಿ, ಮತ್ತು ಬಾಗಿಲು ತೆರೆದರೆ ಮಾತನಾಡಿಸುವ ನೆರೆ. ಈ ಮೂರನೆಯದನ್ನು ಇಂದಿನ ಸ್ವಸ್ಥ ಸಮುಚ್ಚಯಗಳು ಕ್ಲಬ್‌ಹೌಸ್ ಹೆಸರಿನಲ್ಲಿ ಮಾರುತ್ತಿವೆ. ದೋಶಿ ಅದನ್ನು ಒಂದೂವರೆ ಅಡಿ ಎತ್ತರದ ಕಟ್ಟೆಯಲ್ಲಿ ಸಾಧಿಸಲು ಹೊರಟರು. 1995ರಲ್ಲಿ ಅರಣ್ಯಕ್ಕೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ದೊರೆಯಿತು. ಕಡು ಬಡವರನ್ನೂ ಸಾಧಾರಣ ಆದಾಯದವರನ್ನೂ ಒಂದೇ ಬಡಾವಣೆಯಲ್ಲಿ ಬೆರೆಸಿದ್ದನ್ನು ತೀರ್ಪುಗಾರರು ವಿಶೇಷವಾಗಿ ಮೆಚ್ಚಿಕೊಂಡರು.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರಶಸ್ತಿ ಬರುವುದು ಕಟ್ಟಡ ಹೊಸದಾಗಿರುವಾಗ. ವಸತಿಯ ಪರೀಕ್ಷೆ ನಡೆಯುವುದು ಒಂದು ತಲೆಮಾರು ಕಳೆದ ಮೇಲೆ. ವರ್ಷಗಳ ನಂತರ ಅರಣ್ಯಕ್ಕೆ ಹೋದವರು ಕಂಡದ್ದು ಬೇರೆಯೇ ಚಿತ್ರ. ಬಡವರಿಗೆಂದು ಹಂಚಿದ ನಿವೇಶನಗಳಲ್ಲಿ ಅನೇಕವು ಕೈ ಬದಲಾಗಿದ್ದವು. ಒಂದಕ್ಕೊಂದು ಸೇರಿಸಿದ ನಿವೇಶನಗಳ ಮೇಲೆ ಉಳ್ಳವರ ಮನೆಗಳು ಎದ್ದಿದ್ದವು. ಪುಸ್ತಕಗಳಲ್ಲಿ ಫೋಟೋ ಅಚ್ಚಾಗುವ ಆ ಮಾದರಿ ಮನೆಗಳಲ್ಲಿಯೂ ಹಲವನ್ನು ಗುರುತಿಸುವುದೇ ಕಷ್ಟ. ಬಡಾವಣೆ ಸೋತಿತು ಎಂದು ನಾವು ಹೇಳುತ್ತಿಲ್ಲ. ಅದು ಜನವಸತಿಯಾಗಿ ಬೆಳೆದಿದೆ, ತುಂಬಿದೆ. ಪ್ರಶ್ನೆ ಇಷ್ಟೇ: ಯಾರಿಗಾಗಿ ಆ ಜಗಲಿಯನ್ನು ಅಷ್ಟು ಪ್ರೀತಿಯಿಂದ ಬರೆಯಲಾಗಿತ್ತೋ ಅವರೆಲ್ಲಿ ಹೋದರು?

ಮಾರಿದವರನ್ನು ದೂರುವುದು ಸುಲಭ. 'ಬಡವರಿಗೆ ಕೊಟ್ಟರೆ ಮಾರಿಕೊಂಡು ಮತ್ತೆ ಕೊಳೆಗೇರಿಗೇ ಹೋಗುತ್ತಾರೆ' ಎಂಬ ಮಾತನ್ನು ಅಧಿಕಾರಿಗಳಿಂದ ಹಿಡಿದು ನಮ್ಮ ಮಸೀದಿ ಕಮಿಟಿಗಳವರೆಗೆ ಎಲ್ಲೆಡೆ ಕೇಳಿದ್ದೇವೆ. ಆದರೆ ಕೂಲಿಯವನ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಮಾರಲು ಅವನ ಬಳಿ ಇರುವುದು ಏನು? ಮಗಳ ಮದುವೆಗೆ, ಸಾಲದ ಬಡ್ಡಿಗೆ, ಆಸ್ಪತ್ರೆಯ ಬಿಲ್ಲಿಗೆ ಆ 35 ಚದರ ಮೀಟರೇ ಅವನ ಬ್ಯಾಂಕು. ಕೆಲಸ ನಗರದ ನಡುವೆ, ಮನೆ ಆರು ಕಿಲೋಮೀಟರ್ ಆಚೆ. ಸುತ್ತಲಿನ ಭೂಮಿಯ ಬೆಲೆ ಏರುತ್ತಿರುವಾಗ ಕೊಳ್ಳುವವನು ಬಾಗಿಲಿಗೇ ಬಂದು ನಿಲ್ಲುತ್ತಾನೆ. ನಕಾಶೆ ಚೆನ್ನಾಗಿದ್ದಷ್ಟೂ ನೆಲದ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಬಡವನ ಮೇಲೆ ಒತ್ತಡ ಹೆಚ್ಚುತ್ತದೆ. ಒಳ್ಳೆಯ ವಿನ್ಯಾಸವೇ ಬಡವನನ್ನು ಹೊರದಬ್ಬುವ ಈ ವಿಪರ್ಯಾಸಕ್ಕೆ ಅರಣ್ಯದ ನಕಾಶೆಯಲ್ಲಿ ಉತ್ತರವಿರಲಿಲ್ಲ. ಮನೆ ಬೆಳೆಯುವುದು ಹೇಗೆಂದು ದೋಶಿ ಯೋಚಿಸಿದರು. ಮನೆ ಕೈತಪ್ಪದಿರುವುದು ಹೇಗೆಂದು ಪ್ರಾಧಿಕಾರ ಯೋಚಿಸಲಿಲ್ಲ.

ಇದು ಅರಣ್ಯವೊಂದರ ಕಥೆಯಲ್ಲ. ಅದೇ ಇಂದೋರಿನ ಕೊಳೆಗೇರಿಗಳಿಗೆ ಚರಂಡಿ, ರಸ್ತೆ ಜಾಲ ಹೆಣೆದ ಇನ್ನೊಂದು ಯೋಜನೆಗೂ 1998ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. ನಗರ ಯೋಜಕಿ ಗೀತಾ ದಿವಾನ್ ವರ್ಮಾ ತಮ್ಮ 2002ರ 'ಸ್ಲಮ್ಮಿಂಗ್ ಇಂಡಿಯಾ' ಪುಸ್ತಕದಲ್ಲಿ ಅದನ್ನು ಕಟುವಾಗಿ ಪ್ರಶ್ನಿಸಿದರು. ಹೊಗಳಿಕೆಯ ಕಡತ ಮತ್ತು ಓಣಿಯ ವಾಸ್ತವ ಬೇರೆಬೇರೆ ಎಂಬುದು ಅವರ ವಾದದ ಸಾರ.

ಹಾಗಾದರೆ ದಾರಿ ಯಾವುದು? ಅರಣ್ಯದ ಜೊತೆಗೆ 1995ರಲ್ಲಿಯೇ ಅದೇ ಪ್ರಶಸ್ತಿ ಪಡೆದ ಇನ್ನೊಂದು ಬಡಾವಣೆ ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿದೆ. ಹೆಸರು 'ಖುದಾ ಕೀ ಬಸ್ತಿ', ದೇವರ ಕೇರಿ. ಇದನ್ನು ರೂಪಿಸಿದವರು ವಾಸ್ತುಶಿಲ್ಪಿಯಲ್ಲ, ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ ಮುಖ್ಯಸ್ಥರಾಗಿದ್ದ ತಸ್ನೀಮ್ ಅಹ್ಮದ್ ಸಿದ್ದೀಕಿ ಎಂಬ ಸರಕಾರಿ ಅಧಿಕಾರಿ. ಇವರಿಗೆ 1999ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದಿತು. ಸರಕಾರಿ ನಿವೇಶನಗಳೆಲ್ಲಾ ದಲ್ಲಾಳಿಗಳ ಪಾಲಾಗುತ್ತಿದ್ದುದನ್ನು ಕಂಡಿದ್ದ ಸಿದ್ದೀಕಿ, ಕೊಳೆಗೇರಿಯ ದಲ್ಲಾಳಿ ಕೆಲಸ ಮಾಡುವ ಬಗೆಯನ್ನೇ ಕಲಿತರು. ಅರ್ಜಿ ನಮೂನೆ, ಲಾಟರಿ, ಪಟ್ಟಿ ಯಾವುದೂ ಇಲ್ಲ. ನಿವೇಶನ ಬೇಕಾದವರು ಹೆಂಡತಿ-ಮಕ್ಕಳು, ಪಾತ್ರೆ-ಪಗಡೆಗಳೊಂದಿಗೆ ಬಂದು ಸ್ವಾಗತ ಶಿಬಿರದಲ್ಲಿ ಕೆಲವು ದಿನ ತಂಗಬೇಕು. ಮನೆಯಿದ್ದವನು ಈ ಕಷ್ಟ ಪಡಲಾರ. ನಿಜವಾಗಿ ಸೂರಿಲ್ಲದವನಿಗೆ 80 ಚದರ ಗಜದ ಜಾಗ. ಕೊಟ್ಟ ಕೂಡಲೇ ಕಟ್ಟಿ ವಾಸಿಸಬೇಕು, ಬಿಟ್ಟುಹೋದರೆ ರದ್ದು. ಮೊದಲಿಗೆ ಸಾಮೂಹಿಕ ನೀರು ಮಾತ್ರ. ಚರಂಡಿ, ಮನೆಮನೆಗೆ ನಲ್ಲಿ, ರಸ್ತೆಗಳೆಲ್ಲಾ ಜನರ ಸಣ್ಣ ಕಂತುಗಳು ಕೂಡಿದ ಮೇಲೆ ಹಂತಹಂತವಾಗಿ ಬಂದವು. ಪೂರ್ಣ ಹಕ್ಕುಪತ್ರ ಕಂತು ತೀರಿದ ನಂತರವೇ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸೌಂದರ್ಯದಲ್ಲಿ ಅರಣ್ಯದ ಮುಂದೆ ಖುದಾ ಕೀ ಬಸ್ತಿ ನಿಲ್ಲಲಾರದು. ಅಲ್ಲಿ ಜಗಲಿಯ ಕಾವ್ಯವಿಲ್ಲ. ಚರಂಡಿಯಿಲ್ಲದೆ ವರ್ಷಗಟ್ಟಲೆ ಕಾಯಬೇಕಾದ ಬಸ್ತಿಯನ್ನು ಆರೋಗ್ಯಕರ ಎನ್ನುವುದೂ ಕಷ್ಟ. ಆದರೆ ಅದು ಒಂದು ಪ್ರಶ್ನೆಗೆ ನೇರ ಉತ್ತರ ಕೊಟ್ಟಿತು: ಹಣವಂತನು ಒಳನುಗ್ಗದಂತೆ ತಡೆಯುವುದು ಹೇಗೆ? ಅರಣ್ಯದ ನಕಾಶೆಯೂ ಬಸ್ತಿಯ ಕಾವಲೂ ಒಂದೆಡೆ ಸೇರಿದ್ದರೆ ಈ ಉಪಖಂಡದ ನಗರಗಳಿಗೆ ಒಂದು ಮಾದರಿ ಸಿಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಈ ಕಾವಲಿನ ವಿಚಾರ ನಮ್ಮ ಪರಂಪರೆಗೆ ಹೊಸತೇನಲ್ಲ. ನೆರೆಯವನ ಹಕ್ಕನ್ನು ಇಸ್ಲಾಮ್ ಆರಾಧನೆಯಷ್ಟೇ ಗಂಭೀರವಾಗಿ ಪರಿಗಣಿಸಿದೆ. ಹದಿನಾಲ್ಕನೆಯ ಶತಮಾನದಲ್ಲಿ ಟ್ಯುನಿಸ್ ನಗರದ ಇಬ್ನುಲ್ ರಾಮಿ ಎಂಬ ಮೇಸ್ತ್ರಿ ಕಟ್ಟಡಗಳ ಕುರಿತಾದ ಫಿಕ್‌ಹ್ ತೀರ್ಪುಗಳನ್ನು ಸಂಗ್ರಹಿಸಿ ಒಂದು ಗ್ರಂಥವನ್ನೇ ರಚಿಸಿದ. ನನ್ನ ಕಿಟಕಿಯಿಂದ ನಿನ್ನ ಅಂಗಳದ ಖಾಸಗಿತನ ಕೆಡಬಾರದು, ನನ್ನ ಹೊಗೆ, ನನ್ನ ಕೊಳೆನೀರು ನಿನಗೆ ತೊಂದರೆ ಕೊಡಬಾರದು ಎಂಬ ತತ್ವದ ಮೇಲೆ ನಿಂತ ನಗರಶಾಸ್ತ್ರ ಅದು. ಭೂಮಿಯನ್ನು ಮಾರಾಟದಿಂದ ಹೊರಗಿಟ್ಟು ಅದರ ಪ್ರಯೋಜನವನ್ನು ಮಾತ್ರ ಜನರಿಗೆ ಕೊಡುವ ವಕ್ಫ್ ಪದ್ಧತಿ ಇನ್ನೊಂದು. ನೆಲ ಸಮುದಾಯದ್ದು, ಮೇಲಿನ ಮನೆ ಕುಟುಂಬದ್ದು, ಬಿಟ್ಟುಹೋಗುವವರಿಗೆ ಕಟ್ಟಿದ ಖರ್ಚು ಮರಳಿ ಸಿಗುತ್ತದೆ, ನೆಲ ಮಾತ್ರ ಮತ್ತೊಬ್ಬ ಬಡವನಿಗೆ ಉಳಿಯುತ್ತದೆ. ಹೀಗೊಂದು ಏರ್ಪಾಡು ಅರಣ್ಯದಲ್ಲಿ ಇದ್ದಿದ್ದರೆ? ಕಾಯಿಲೆ ಬಂದವನು ಸೂರು ಮಾರದಂತೆ ಬಡಾವಣೆಯದೇ ಒಂದು ಬಡ್ಡಿರಹಿತ ನಿಧಿ ಇದ್ದಿದ್ದರೆ?

ಆದರೆ ಈ ಮಾತನ್ನು ಹೆಮ್ಮೆಯಿಂದ ಹೇಳುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 2006ರ ಸಾಚಾರ್ ಸಮಿತಿ ವರದಿ ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿ, ಸುಮಾರು ಆರು ಲಕ್ಷ ಎಕರೆ ಭೂಮಿ ಇರುವುದನ್ನು ಹೇಳಿತು. ಅದರಿಂದ ಬರುತ್ತಿದ್ದ ಆದಾಯ ವರ್ಷಕ್ಕೆ 163 ಕೋಟಿ ರೂಪಾಯಿಗಳಷ್ಟೇ. ಅತಿಕ್ರಮಿಸಿದವರಲ್ಲಿ ಪರರೂ ಇದ್ದಾರೆ, ನಮ್ಮವರೂ ಇದ್ದಾರೆ. ಪಟ್ಟಣದ ನಡುವಿನ ವಕ್ಫ್ ಜಾಗದಲ್ಲಿ ವಾಣಿಜ್ಯ ಮಳಿಗೆ, ಶಾದಿಮಹಲ್ ಎದ್ದಿವೆ. ಬಡವರಿಗೆ ಹತ್ತು ಮನೆಗಳ ಒಂದು ಗುಂಪು ಕಟ್ಟಿದ ಕಮಿಟಿಗಳು ಎಷ್ಟಿವೆ?

ಇಲ್ಲಿ ಇನ್ನೊಂದು ಅಪಾಯವನ್ನೂ ಗಮನಿಸಬೇಕು. ಕಾವಲು ಹಣವನ್ನು ತಡೆಯಲು ಇರಬೇಕು, ಮನುಷ್ಯರನ್ನು ತಡೆಯಲು ಅಲ್ಲ. ಫಿಕ್‌ಹ್‌ನಲ್ಲಿ 'ಶುಫ್ಆ' ಎಂಬ ಹಕ್ಕಿದೆ. ಆಸ್ತಿ ಮಾರುವಾಗ ಪಾಲುದಾರನಿಗೆ, ಕೆಲವು ಪಂಥಗಳ ಪ್ರಕಾರ ಪಕ್ಕದ ಮನೆಯವನಿಗೂ, ಮೊದಲು ಕೊಳ್ಳುವ ಅವಕಾಶ. ಭಾರತದ ಹಲವೆಡೆ ಹಿಂದೂಗಳಲ್ಲಿಯೂ ಇದು ರೂಢಿಯಾಗಿತ್ತು. 1962ರಲ್ಲಿ ಸುಪ್ರೀಂ ಕೋರ್ಟ್, ಕೇವಲ ನೆರೆಯವನೆಂಬ ಕಾರಣಕ್ಕೆ ಸಿಗುವ ಈ ಹಕ್ಕು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. ಅಪರಿಚಿತನನ್ನು, ಅನ್ಯ ಜಾತಿ-ಮತದವನನ್ನು ಹೊರಗಿಡುವ ಸಾಧನವಾಗಿ ಅದು ಬಳಕೆಯಾಗಿತ್ತು ಎಂಬುದು ಒಂದು ಮುಖ್ಯ ಕಾರಣ. ನ್ಯಾಯವಾದ ಮಾತು. ಆದರೆ 2005ರಲ್ಲಿ ಅದೇ ನ್ಯಾಯಾಲಯ, ಅಹ್ಮದಾಬಾದಿನ ಪಾರ್ಸಿ ವಸತಿ ಸಹಕಾರ ಸಂಘವೊಂದು ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡುವ ನಿಯಮವನ್ನು ಎತ್ತಿಹಿಡಿಯಿತು. ಇಂತಹ ನಿಯಮವನ್ನು ಸಣ್ಣ ಸಮುದಾಯವೊಂದು ಬಳಸುವುದಕ್ಕೂ ಬಹುಸಂಖ್ಯಾತರು ಬಳಸುವುದಕ್ಕೂ ಇರುವ ಅಂತರ ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ಪ್ರತಿಯೊಬ್ಬ ಮುಸ್ಲಿಮನಿಗೂ ದಲಿತನಿಗೂ ಗೊತ್ತಿದೆ.

ಅರಣ್ಯದ ಮೆಚ್ಚುಗೆಯಲ್ಲಿ 'ಬೆರೆಸುವುದು' ಎಂಬ ಮಾತು ಪದೇಪದೇ ಬರುತ್ತದೆ. ಬೆರೆಸಿದ್ದು ಆದಾಯಗಳನ್ನು. ಅದೂ ಪೂರ್ತಿಯಾಗಿ ಅಲ್ಲ: ಪ್ರತಿ ವಿಭಾಗದ ನಡುವೆ ಬಡವರು, ಅಂಚಿನ ದೊಡ್ಡ ರಸ್ತೆಗಳ ಮೇಲೆ ಉಳ್ಳವರು. ಬಡವರ ನಿವೇಶನದ ವೆಚ್ಚವನ್ನು ಉಳ್ಳವರ ನಿವೇಶನದ ಲಾಭದಿಂದ ತುಂಬುವ ಲೆಕ್ಕಾಚಾರಕ್ಕೆ ಇದು ಸರಿ. ಆದರೆ ಓಣಿಯ ಮಟ್ಟದಲ್ಲಿ ಬಡವನ ಮಗು ಬಡವನ ಮಗುವಿನೊಂದಿಗೇ ಆಡುತ್ತದೆ. ಇನ್ನು ಧರ್ಮ-ಜಾತಿಗಳ ಬೆರೆಯುವಿಕೆ ಯಾವ ನಕಾಶೆಗಾರನ ಕೈಯಲ್ಲಿಯೂ ಇಲ್ಲ. ದೋಶಿ ಬದುಕಿ ಬಾಳಿದ ಅಹ್ಮದಾಬಾದನ್ನೇ ನೋಡಿ. 1991ರ 'ಗಲಭೆಪೀಡಿತ ಪ್ರದೇಶ'ಗಳ ಕಾಯ್ದೆಯ ಪ್ರಕಾರ ಅಲ್ಲಿನ ಗುರುತಿಸಿದ ಪ್ರದೇಶಗಳಲ್ಲಿ ಆಸ್ತಿ ಮಾರಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಹೆದರಿಸಿ ಮಾರಿಸುವುದನ್ನು ತಡೆಯಲು ಬಂದ ಕಾನೂನು ಇಂದು ಹಿಂದೂ ಕೇರಿಯಲ್ಲಿ ಮುಸ್ಲಿಮ್ ಮನೆ ಕೊಳ್ಳದಂತೆ ತಡೆಯುವ ಗೋಡೆಯಾಗಿದೆ. 2002ರ ನಂತರ ಜುಹಾಪುರ ಉಬ್ಬಿದ್ದು ಯಾವ ವಿನ್ಯಾಸದಿಂದಲೂ ಅಲ್ಲ, ಭಯದಿಂದ. ಭಯದಿಂದ ಹುಟ್ಟಿದ ಕೇರಿಯಲ್ಲಿ ಒಳ್ಳೆಯ ಜಗಲಿಯಿದ್ದರೂ ಸ್ವಾಸ್ಥ್ಯವಿರುತ್ತದೆಯೇ?

ಹೀಗೆ ನಮ್ಮ ನಗರಗಳು ಎರಡು ತಪ್ಪುಗಳನ್ನು ಒಟ್ಟಿಗೆ ಮಾಡುತ್ತಿವೆ. ಹಣಕ್ಕೆ ಬಾಗಿಲು ಪೂರ್ತಿ ತೆರೆದಿದೆ, ಮನುಷ್ಯನಿಗೆ ಬೀಗ ಬಿದ್ದಿದೆ.

ಬೆಂಗಳೂರಿನ ಈಜೀಪುರದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಕೋರಮಂಗಲದ ಪಕ್ಕದಲ್ಲಿ 1990ರ ದಶಕದ ಆರಂಭದಲ್ಲಿ ದುರ್ಬಲ ವರ್ಗಕ್ಕೆಂದು ಕಟ್ಟಿದ ಸರಕಾರಿ ವಸತಿಗೃಹಗಳು ಎರಡು ದಶಕವೂ ಬಾಳಲಿಲ್ಲ. 2007ರಲ್ಲಿ ಕೆಲವು ಕಟ್ಟಡಗಳು ಕುಸಿದವು. ಜನರು ಅಲ್ಲಿಯೇ ತಗಡಿನ ಶೆಡ್ಡುಗಳಿಗೆ ಸರಿದರು. 2013ರ ಜನವರಿಯಲ್ಲಿ ಸುಮಾರು ಒಂದೂವರೆ ಸಾವಿರ ಕುಟುಂಬಗಳ ಶೆಡ್ಡುಗಳ ಮೇಲೆ ಬುಲ್ಡೋಜರ್ ಹರಿಯಿತು. ಜಾಗದ ಅರ್ಧವನ್ನು ಖಾಸಗಿ ವಾಣಿಜ್ಯ ಸಂಕೀರ್ಣಕ್ಕೆ ಕೊಡುವ ಒಪ್ಪಂದವಾಗಿತ್ತು. ಬೀದಿಗೆ ಬಿದ್ದವರಲ್ಲಿ ದಲಿತರು, ಮುಸ್ಲಿಮರು, ಕ್ರೈಸ್ತ ಬಡವರೇ ಹೆಚ್ಚು. ಬೇರೆಬೇರೆ ಧರ್ಮದವರು ವರ್ಷಗಟ್ಟಲೆ ಒಂದೇ ನಲ್ಲಿಯಿಂದ ನೀರು ಹಿಡಿದ ಆ ಕೇರಿಯ ನೆರೆಹೊರೆಯೂ ಅಂದೇ ಚದುರಿತು. ಅದಕ್ಕೆ ಪರಿಹಾರದ ಪಟ್ಟಿಯಲ್ಲಿ ಕಾಲಮೇ ಇರಲಿಲ್ಲ.

2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಮಂಜೂರಾದ ಮನೆಗಳಲ್ಲಿ ದೊಡ್ಡ ಪಾಲು ಸ್ವಂತ ನಿವೇಶನದಲ್ಲಿ ಫಲಾನುಭವಿಯೇ ಕಟ್ಟಿಕೊಳ್ಳುವಂಥವು. ತನ್ನ ಮನೆಯನ್ನು ತಾನೇ ಬೆಳೆಸುವ ಬಡವನ ಶಕ್ತಿಯನ್ನು ಅರಣ್ಯ ಗುರುತಿಸಿತ್ತು, ಈ ಯೋಜನೆಯೂ ಗುರುತಿಸಿದೆ. ಆದರೆ ನಿವೇಶನವೇ ಇಲ್ಲದವನಿಗೆ, ಹಕ್ಕುಪತ್ರವೇ ಇಲ್ಲದ ಕೇರಿಯವನಿಗೆ ಇದರಿಂದ ಏನು ಸಿಗುತ್ತದೆ? ಸಹಾಯಧನ ಒಂದೊಂದು ಮನೆಗೆ ಬರುತ್ತದೆ, ಓಣಿಗೆ ಬರುವುದಿಲ್ಲ.

ಆದ್ದರಿಂದ ಇನ್ನು ಮುಂದೆ ಯಾವುದೇ ವಸತಿ ಯೋಜನೆಯ ಶಂಕುಸ್ಥಾಪನೆಯ ಸುದ್ದಿ ಬಂದಾಗ, ಮನೆಗಳ ಸಂಖ್ಯೆಯನ್ನು ಓದಿ ಸುಮ್ಮನಾಗದೆ ಕೆಲವು ಪ್ರಶ್ನೆಗಳನ್ನು ಕೇಳೋಣ. ಎರಡು ಕಟ್ಟಡಗಳ ನಡುವೆ ಎಷ್ಟು ಅಂತರವಿದೆ? ಕೆಳಮಹಡಿಗೆ ಬಿಸಿಲು ಬೀಳುತ್ತದೆಯೇ? ಬಾಗಿಲ ಹೊರಗೆ ಕೂರಲು ಜಾಗವಿದೆಯೇ? ಕೆಲಸದ ಜಾಗಕ್ಕೆ ಬಸ್ಸು ಇದೆಯೇ? ಮನೆಯಲ್ಲಿ ಕಾಯಿಲೆ ಬಂದರೆ ಹಕ್ಕುಪತ್ರ ಅಡವಿಡದಂತೆ ಏನು ಏರ್ಪಾಡು ಮಾಡಿದ್ದೀರಿ? ಹಂಚಿಕೆಯ ಪಟ್ಟಿಯಲ್ಲಿ ಅಬ್ದುಲ್ಲನ ಮನೆಯೂ ಮಾದಪ್ಪನ ಮನೆಯೂ ಒಂದೇ ಓಣಿಯಲ್ಲಿವೆಯೇ? ಇಪ್ಪತ್ತು ವರ್ಷಗಳ ನಂತರ ಅವರ ಮಕ್ಕಳು ಅಲ್ಲಿಯೇ ಇರುತ್ತಾರೆಂಬ ಖಾತ್ರಿ ಯಾರದು? ಸರಕಾರವನ್ನು ಹೀಗೆ ಕೇಳುವ ಧೈರ್ಯ ನಮಗೆ ಬರಬೇಕಾದರೆ, ನಮ್ಮ ಊರಿನ ವಕ್ಫ್ ಕಮಿಟಿಯ ಮುಂದಿನ ಸಭೆಯಲ್ಲಿಯೂ ಇವೇ ಪ್ರಶ್ನೆಗಳನ್ನು ಇಡಬೇಕಾಗುತ್ತದೆ.